ಕಲ್ಯಾಣದ ವಿಜ್ಞಾನೇಶ್ವರರು ಮತ್ತು ಮಿತಾಕ್ಷರೆಯ ಚರಿತ್ರೆ

ಕಲಬುರ್ಗಿ ಪಟ್ಟಣದ ಸೂಪರ್ ಮಾರ್ಕೆಟ್ಟಿನ ಜನಸಂದಣಿಯನ್ನು ಬಿಟ್ಟು ಈಶಾನ್ಯದ ಕಡೆಗೆ ಹೊರಟವರು, ಕೆಂಬಾಳೆಗೆ ಹೆಸರಾದ ಕಮಲಾಪುರವನ್ನು ಹಾಯ್ದು, ಹುಮನಾಬಾದದ ಮೇಲಿಂದ ಕಲ್ಯಾಣವನ್ನು ಸೇರುವರು. ಅದೇ ಪಟ್ಟಣದಿಂದ ಶಹಾಬಾದದ ಹಾದಿಯನ್ನು ಹಿಡಿದರೆ ನಡುವೆ ಮರತೂರೆಂಬ ಗ್ರಾಮವು ಸಿಗುವದು. ಕಲ್ಯಾಣದ ಹೆಸರನ್ನು ಕೇಳಿ ಕೈಮುಗಿಯದ ಶಿವಭಕ್ತರಿಲ್ಲ. ಮರತೂರಿನ ಹೆಸರನ್ನು ಬಲ್ಲವರು ಅಷ್ಟು ಮಂದಿಯಿಲ್ಲ. ಆದರೆ ಬಂಗಾಲ ಅಸ್ಸಾಮಗಳಂಥ ಕೆಲವು ಪ್ರಾಂತಗಳನ್ನುಳಿದು, ಭರತಖಂಡದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಹೊಲಮನೆಗಳು ಯಾವ ಗ್ರಂಥದ ಮೇರೆಗೆ ಶತಮಾನಗಳ ವರೆಗೆ ಹಂಚಲ್ಪಟ್ಟವೋ, ಆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರರಿಗೆ ಈ ಎರಡೂ ಸ್ಥಳಗಳ ಸಂಬಂಧವುಂಟು. ಮರತೂರು ಅವರ ನೆಲೆಯೆಂದು ಈ ಸೀಮೆಯ ಜನರು ಹೇಳುತ್ತ ಬಂದಿರುವರು. ಕಲ್ಯಾಣವು ಅವರ ವಿದ್ಯೆಗೆ ಆಶ್ರಯವಿತ್ತ ರಾಜಧಾನಿಯಾಗಿದ್ದಿತೆಂಬದಕ್ಕೆ ಅವರ ಗ್ರಂಥವೇ ಸಾಕ್ಷಿಯಾಗಿರುವದು.

ಗ್ರಂಥದ ಕೊನೆಯಲ್ಲಿ ಅವರು ತಮ್ಮ ವಿಷಯವಾಗಿ ಹೇಳಿಕೊಂಡದ್ದು ಅತ್ಯಲ್ಪ. ಭಾರದ್ವಾಜ ಗೋತ್ರದ ಪದ್ಮನಾಭ ಭಟ್ಟರ ಪುತ್ರರು, ಉತ್ತಮರೆಂಬವರ ಶಿಷ್ಯರು, ಮನೆಮಾರುಗಳನ್ನು ತೊರೆದ ಪರಮಹಂಸ ಪರಿವ್ರಾಜಕರು. ಇಷ್ಟನ್ನು ಹೇಳಿ, ತರುವಾಯ ಕಲ್ಯಾಣವೆಂಬ ಪಟ್ಟಣವನ್ನೂ ವಿಕ್ರಮಾರ್ಕನೆಂಬ ಅರಸನನ್ನೂ ಹೊಗಳಿ, ಅವೆರಡರ ಸರಿಸಮಕ್ಕೆ ವಿಜ್ಞಾನೇಶ್ವರನೆಂಬ ಪಂಡಿತನನ್ನೂ ನಿಲ್ಲಿಸಿರುವರು. ಸಂನ್ಯಾಸಿಗಳಿಗೆ ಈ ಆತ್ಮಪ್ರಶಂಸೆಯು ಸಲ್ಲುವದೋ ಎಂದು ಕೆಲವರು ನಕ್ಕಿರಬಹುದು. ಆದರೆ ಆ ಕೆಲವು ಸಾಲುಗಳು ಇಲ್ಲದಿದ್ದರೆ ಈ ಮಹಾಗ್ರಂಥವು ಕನ್ನಡ ನೆಲದಲ್ಲಿ ಹುಟ್ಟಿದ್ದೆಂಬ ಮಾತನ್ನು ಸ್ಥಾಪಿಸುವದು ಬಹು ಕಷ್ಟವಾಗುತ್ತಿತ್ತು. ಆ ವಿಕ್ರಮಾರ್ಕನೇ ೧೦೭೬ರಲ್ಲಿ ಪಟ್ಟವನ್ನೇರಿ ಹಳೆಯ ಶಕವನ್ನು ಬದಿಗಿರಿಸಿ ತನ್ನ ಹೆಸರಿನಲ್ಲಿ ಹೊಸ ಶಕವನ್ನು ನಡೆಯಿಸಿ, ೧೧೨೬ರ ವರೆಗೆ ಐವತ್ತು ವರ್ಷ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಅವನ ಚರಿತ್ರೆಯನ್ನು ‘ವಿಕ್ರಮಾಂಕದೇವಚರಿತ’ವೆಂಬ ಕಾವ್ಯವನ್ನಾಗಿ ಹಾಡಿದನು. ಅವನ ಮಗನಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ವಿಶ್ವಕೋಶವನ್ನು ರಚಿಸಿದನು. ಕವಿಗಳೂ ಪಂಡಿತರೂ ದೂರದೇಶಗಳಿಂದ ಹುಡುಕಿಕೊಂಡು ಬರುತ್ತಿದ್ದ ಆಸ್ಥಾನವದು. ಬಿಲ್ಹಣನು ಅರಸನನ್ನು ಕೊಂಡಾಡಿದನು. ವಿಜ್ಞಾನೇಶ್ವರರಾದರೋ ಅರಸನೂ ಪ್ರಜೆಯೂ ಸಮವಾಗಿ ತಲೆಬಾಗಬೇಕಾದ ವ್ಯವಹಾರಧರ್ಮವನ್ನು ತಿಳಿಯಿಸಿದರು.

ಅಂಥ ಪಾಂಡಿತ್ಯವು ಒಬ್ಬರ ಪ್ರತಿಭೆಯಿಂದ ಮಾತ್ರ ಹುಟ್ಟತಕ್ಕದ್ದಲ್ಲ. ಈಗಿನ ಕಲಬುರ್ಗಿ ಜಿಲ್ಲೆಯ ಚಿತಾಪುರದ ಸಮೀಪದಲ್ಲಿ ನಾಗಾವಿ ಎಂಬ ಹಳೆಯ ಊರಿನ ಅವಶೇಷಗಳಿರುವವು. ವಿಕ್ರಮಾದಿತ್ಯನ ತಂದೆಯಾದ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ, ೧೦೫೮ರಲ್ಲಿ, ದಂಡನಾಯಕ ಮಧುಸೂದನನು ಅಲ್ಲಿ ಒಂದು ಘಟಿಕಾಸ್ಥಾನವನ್ನು ಏರ್ಪಡಿಸಿದ ಸಂಗತಿಯು ಶಾಸನದಲ್ಲಿ ಕೆತ್ತಲ್ಪಟ್ಟಿರುವದು. ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರಗಳನ್ನು ಓದುವ ಐವತ್ತರಷ್ಟು ವಿದ್ಯಾರ್ಥಿಗಳು, ಅವರಿಗೆ ಪಾಠ ಹೇಳುವ ಉಪಾಧ್ಯಾಯರು, ಇವರೆಲ್ಲರ ಅಶನವಸನಗಳಿಗೆ ಭೂಮಿಯು ಬಿಡಲ್ಪಟ್ಟಿದ್ದಿತು. ಮೀಮಾಂಸೆಯ ಭಾಟ್ಟ ಮತ್ತು ಪ್ರಾಭಾಕರವೆಂಬ ಎರಡೂ ಮತಗಳಿಗೆ ಬೇರೆ ಬೇರೆ ಅಧ್ಯಾಪಕರಿದ್ದರು. ಪುಸ್ತಕಗಳನ್ನು ಕಾಯುವದಕ್ಕೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರಿದ್ದರು. ಓಲೆಯ ಕಟ್ಟುಗಳನ್ನು ಕಾಯಲಿಕ್ಕೆ ಆರು ಜನರೆಂದರೆ ಆ ಭಂಡಾರವು ಎಷ್ಟಿರಬೇಕೆಂಬದನ್ನು ವಾಚಕರೇ ಊಹಿಸಬಹುದು. ಈ ಭಂಡಾರದ ಮಾತನ್ನು ಇಲ್ಲಿ ಎತ್ತುವದಕ್ಕೆ ಕಾರಣವುಂಟು. ಮಿತಾಕ್ಷರೆಯ ಪ್ರತಿಯೊಂದು ಪ್ರಕರಣವೂ ಬಹು ದೊಡ್ಡ ಗ್ರಂಥಸಂಗ್ರಹದ ನಡುವೆ ಕುಳಿತು ಬರೆದ ಬರಹವಾಗಿ ಕಾಣುವದು. ವಾಕ್ಯಾರ್ಥವನ್ನು ನಿರ್ಣಯಿಸುವ ಅದರ ಕ್ರಮವೆಲ್ಲವೂ ಮೀಮಾಂಸಾಶಾಸ್ತ್ರದ್ದೇ. ಇಂಥ ಘಟಿಕಾಸ್ಥಾನಗಳ ನಾಡು ವಿಜ್ಞಾನೇಶ್ವರರ ನಾಡು.

ಅವರು ವ್ಯಾಖ್ಯಾನಕ್ಕೆ ಆರಿಸಿಕೊಂಡದ್ದು ಯಾಜ್ಞವಲ್ಕ್ಯ ಸ್ಮೃತಿಯನ್ನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂಬ ಮೂರು ಅಧ್ಯಾಯಗಳಲ್ಲಿ ಸಾವಿರಕ್ಕೆ ಕೊಂಚ ಹೆಚ್ಚು ಶ್ಲೋಕಗಳುಳ್ಳ ಈ ಸ್ಮೃತಿಯು ಅಡಕವಾದದ್ದು, ಕ್ರಮಬದ್ಧವಾದದ್ದು. ಇದಕ್ಕೆ ಹಿಂದೆಯೇ ವಿಶ್ವರೂಪಾಚಾರ್ಯರು ‘ಬಾಲಕ್ರೀಡಾ’ ಎಂಬ ವ್ಯಾಖ್ಯೆಯನ್ನು ಬರೆದಿದ್ದರು. ಅದು ಬಹು ವಿಸ್ತಾರವೂ ಕಠಿನವೂ ಆಗಿರುವದರಿಂದ ಎಳೆಯರ ತಿಳಿವಳಿಕೆಗಾಗಿ ಮಿತವಾದ ಅಕ್ಷರಗಳಲ್ಲಿ, ನೇರವಾದ ನುಡಿಯಲ್ಲಿ ಬರೆಯುವದಾಗಿ ವಿಜ್ಞಾನೇಶ್ವರರು ಪ್ರಾರಂಭದಲ್ಲಿ ಸೂಚಿಸಿದರು; ‘ಋಜು ಮಿತಾಕ್ಷರಾ’ ಎಂಬ ಹೆಸರು ಬಂದದ್ದು ಇದರಿಂದಲೇ. ಅಕ್ಷರಗಳು ಮಿತವಾದವೆಂದು ಹೇಳುವದು ಕಷ್ಟ. ನುಡಿಯು ಮಾತ್ರ ನೇರವಾಗಿಯೇ ಇರುವದು.

ಈ ಗ್ರಂಥವನ್ನು ಟೀಕೆಯೆಂದು ಮಾತ್ರ ಕರೆದರೆ ಅದರ ಯೋಗ್ಯತೆಯು ತಿಳಿಯಲಾರದು. ತಮಗಿಂತ ಹಿಂದಿನ ಶತಮಾನಗಳಲ್ಲಿ ಒಂದೊಂದು ಪ್ರಶ್ನೆಯ ಮೇಲೆ ಯಾರು ಏನು ಹೇಳಿದ್ದರು, ಯಾವ ಯುಕ್ತಿಯಿಂದ ಹೇಳಿದ್ದರು, ಆ ಯುಕ್ತಿಯು ಎಲ್ಲಿ ಮುರಿಯುವದು ಎಂಬದನ್ನೆಲ್ಲ ವಿಜ್ಞಾನೇಶ್ವರರು ದಾಖಲೆ ಮಾಡಿರುವರು. ಅಸಹಾಯ, ಭಾರುಚಿ, ಮೇಧಾತಿಥಿ, ಶ್ರೀಕರ, ಧಾರೇಶ್ವರನೆಂದು ಕರೆಯಲ್ಪಟ್ಟ ಭೋಜರಾಜ, ಇವರೆಲ್ಲರೂ ಈ ಗ್ರಂಥದ ಪುಟಗಳಲ್ಲಿ ವಾದಿಪ್ರತಿವಾದಿಗಳಾಗಿ ಬಂದು ನಿಲ್ಲುವರು. ಇವರಲ್ಲಿ ಕೆಲವರ ಮೂಲಗ್ರಂಥಗಳು ಕಾಲಗರ್ಭವನ್ನು ಸೇರಿದ್ದರೂ ಅವರ ಮತಗಳು ಮಿತಾಕ್ಷರೆಯ ಮೂಲಕವಾಗಿ ಉಳಿದುಬಂದವು. ಎದುರಾಳಿಯ ಮಾತನ್ನು ಪೂರ್ತಿಯಾಗಿ ಹೇಳಿಸಿ ಆ ತರುವಾಯ ಉತ್ತರ ಕೊಡುವ ಪದ್ಧತಿಯು ಅವರದು. ಆದ್ದರಿಂದ ಅವರು ಧರ್ಮಶಾಸ್ತ್ರಜ್ಞರು ಎಷ್ಟೋ, ಧರ್ಮಶಾಸ್ತ್ರದ ಚರಿತ್ರಕಾರರೂ ಅಷ್ಟೇ.

ಅವರ ವಿಚಾರದ ಬುಡದಲ್ಲಿರುವ ಪ್ರಶ್ನೆಯು ಕೇಳಲು ಸರಳವಾಗಿ ಕಾಣುವದು: ‘ಇದು ನನ್ನದು’ ಎಂಬ ಒಡೆತನವು ಎಲ್ಲಿಂದ ಬರುವದು? ಶಾಸ್ತ್ರವು ಹೇಳಿದ್ದರಿಂದಲೇ ಬರುವದೆಂದು ಒಂದು ಪಕ್ಷ. ಅಲ್ಲ, ಒಡೆತನವು ಲೋಕವ್ಯವಹಾರದಿಂದ ಸಿದ್ಧವಾದದ್ದು ಎಂದು ವಿಜ್ಞಾನೇಶ್ವರರ ಪಕ್ಷ. ಶಾಸ್ತ್ರದ ಗಂಧವನ್ನೇ ಅರಿಯದ ಗಡಿನಾಡಿನ ಜನರೂ ಕೊಳ್ಳುವರು, ಮಾರುವರು, ತಮ್ಮದನ್ನು ತಮ್ಮದೆಂದು ತಿಳಿಯುವರು. ಶಾಸ್ತ್ರದಿಂದಲೇ ಸ್ವತ್ವವು ಹುಟ್ಟುವದಾದರೆ ಅವರಿಗೆ ಅದು ಹೇಗೆ ಉಂಟಾಯಿತು? ಈ ವಾದವು ಬರಿಯ ತರ್ಕವಿನೋದವಲ್ಲವೆಂಬದನ್ನು ಮುಂದಿನ ಮಾತೇ ತೋರಿಸುವದು. ತಂದೆಯೊಬ್ಬನು ನಿಷಿದ್ಧವಾದ ಮಾರ್ಗದಿಂದ ಧನವನ್ನು ಗಳಿಸಿದನೆಂದು ಭಾವಿಸುವಾ. ಒಡೆತನವು ಶಾಸ್ತ್ರದಿಂದಲೇ ಬರುವದಾದರೆ ಆ ಧನವು ಅವನದಾಗಲೇ ಇಲ್ಲ. ಮಕ್ಕಳು ಅದನ್ನು ಹಂಚಿಕೊಳ್ಳುವಂತೆಯೂ ಇಲ್ಲ. ವಿಜ್ಞಾನೇಶ್ವರರ ಪಕ್ಷದಲ್ಲಿ ಪ್ರಾಯಶ್ಚಿತ್ತವು ಗಳಿಸಿದವನಿಗೆ. ಮಕ್ಕಳಿಗೆ ಅದು ನ್ಯಾಯವಾಗಿ ಬಂದ ಪಿತ್ರಾರ್ಜಿತವು. ತಂದೆಯ ದೋಷವನ್ನು ಮಕ್ಕಳ ಅನ್ನಕ್ಕೆ ಅಂಟಿಸದ ನ್ಯಾಯವಿದು.

ಇದೇ ತಳಹದಿಯ ಮೇಲೆ ಅವರು ಜನ್ಮಸ್ವತ್ವವನ್ನು, ಅಂದರೆ ಹುಟ್ಟಿನಿಂದಲೇ ಬರುವ ಒಡೆತನವನ್ನು ನಿಲ್ಲಿಸಿದರು. ಮನೆತನದ ಆಸ್ತಿಯಲ್ಲಿ ಮಗನಿಗೆ ಹಕ್ಕು ತಂದೆಯ ಮರಣದಿಂದ ಬರತಕ್ಕದ್ದಲ್ಲ. ಮಗನು ಹುಟ್ಟಿದ ಗಳಿಗೆಯಲ್ಲಿಯೇ ಅದು ಹುಟ್ಟುವದು. ಆದಕಾರಣ ಸ್ಥಿರಾಸ್ತಿಯನ್ನು ತಂದೆಯು ತನ್ನ ಇಚ್ಛೆಯಂತೆ ಮಾರುವ ಹಾಗಿಲ್ಲ. ಆಪತ್ತು, ಕುಟುಂಬದ ಪೋಷಣೆ, ಧರ್ಮಕಾರ್ಯ ಇವುಗಳಿಗೆ ಮಾತ್ರ ವಿನಾಯಿತಿ. ಬರಗಾಲದ ಭೀತಿಯು ಎಂದೂ ತಪ್ಪದ ಈ ಕರಿನೆಲದ ಸೀಮೆಯಲ್ಲಿ, ಒಬ್ಬನ ದುಡುಕಿನಿಂದ ಒಂದು ಮನೆತನದ ಹೊಲವೆಲ್ಲ ಸಾಹುಕಾರನ ಪಾಲಾಗದಂತೆ ಹಾಕಿದ ಕಟ್ಟೆಯೆಂದು ಇದನ್ನು ತಿಳಿಯಬಹುದು. ಬಂಗಾಲದಲ್ಲಿ ಜೀಮೂತವಾಹನರು ತಮ್ಮ ‘ದಾಯಭಾಗ’ದಲ್ಲಿ ಇದಕ್ಕೆ ವಿರುದ್ಧವಾಗಿ, ತಂದೆಯು ಬದುಕಿರುವ ವರೆಗೆ ಮಕ್ಕಳಿಗೆ ಒಡೆತನವಿಲ್ಲವೆಂದು ಸಾಧಿಸಿದರು. ಹಿಂದೂ ದಾಯಶಾಸ್ತ್ರದ ಎರಡು ಸಂಪ್ರದಾಯಗಳು ಕವಲೊಡೆದದ್ದು ಮುಖ್ಯವಾಗಿ ಇಲ್ಲಿಯೇ.

ಹಾಗಾದರೆ ಶಾಸ್ತ್ರಕ್ಕೂ ಲೋಕಕ್ಕೂ ವಿರೋಧ ಬಂದಾಗ ಮಾಡತಕ್ಕದ್ದೇನು? ಪಾಲು ಹಂಚುವಾಗ ಹಿರಿಯ ಮಗನಿಗೆ ಹೆಚ್ಚಿನ ಭಾಗವನ್ನು ಕೊಡಬೇಕೆಂದು ಪುರಾತನ ಸ್ಮೃತಿಗಳಲ್ಲಿ ಹೇಳಿರುವದುಂಟು. ವಿಜ್ಞಾನೇಶ್ವರರು ಆ ವಚನಗಳನ್ನು ಮರೆಮಾಚಲಿಲ್ಲ, ಸುಳ್ಳೆನ್ನಲೂ ಇಲ್ಲ. ವಚನವಿದ್ದರೂ ಅದು ಈಗ ಲೋಕವಿದ್ವಿಷ್ಟವಾಗಿದೆ, ಜನರು ಅದನ್ನು ಹೇಸುವರು, ಆದ್ದರಿಂದ ಆಚರಿಸತಕ್ಕದ್ದಲ್ಲ ಎಂದು ತೀರ್ಮಾನಿಸಿದರು. ಹಿಂದಿನ ಕಾಲದ ನಿಯೋಗಪದ್ಧತಿಯೂ ಅತಿಥಿಗಾಗಿ ಗೋವನ್ನು ವಧಿಸುವ ಪದ್ಧತಿಯೂ ನಿಂತುಹೋದಂತೆ ಇದೂ ನಿಲ್ಲತಕ್ಕದ್ದೆಂಬದು ಅವರ ಉಪಪತ್ತಿ. ಧರ್ಮದ ಆಚರಣೆಗೆ ಕಾಲವುಂಟು, ಅದು ಮಾರ್ಪಡುವದು ಎಂಬ ಈ ಅರಿವು ಒಂಬತ್ತು ನೂರು ವರ್ಷಗಳ ಹಿಂದೆ, ಅದೂ ಶ್ರುತಿಸ್ಮೃತಿಗಳಲ್ಲಿ ಪೂರ್ಣ ಶ್ರದ್ಧೆಯುಳ್ಳ ಒಬ್ಬ ಪರಿವ್ರಾಜಕರ ಲೇಖನಿಯಿಂದ ಬಂದದ್ದು ಸಾಮಾನ್ಯವಾದ ಮಾತಲ್ಲ.

ಸ್ತ್ರೀಯರ ಹಕ್ಕಿನ ವಿಷಯದಲ್ಲಿ ಅವರ ನಿಲುವು ಇನ್ನೂ ಸ್ಪಷ್ಟವಾಗಿರುವದು. ಮಕ್ಕಳಿಲ್ಲದೆ, ದಾಯಾದರಿಂದ ಬೇರೆಯಾಗಿದ್ದು ಸತ್ತವನ ಆಸ್ತಿಯು ಯಾರಿಗೆ? ಹೆಂಡತಿಗೆ ಎಂದು ಯಾಜ್ಞವಲ್ಕ್ಯರ ವಚನ. ಇದನ್ನು ಸಂಕೋಚಗೊಳಿಸುವದಕ್ಕೆ ಹಿಂದಿನವರು ಬಗೆಬಗೆಯ ಯತ್ನಗಳನ್ನು ಮಾಡಿದ್ದರು. ನಿಯೋಗಕ್ಕೆ ಒಪ್ಪಿದರೆ ಮಾತ್ರ ವಿಧವೆಗೆ ಆಸ್ತಿಯೆಂದು ಧಾರೇಶ್ವರನು. ಆಸ್ತಿಯು ಅಲ್ಪವಾಗಿದ್ದರೆ ಮಾತ್ರವೆಂದು ಶ್ರೀಕರನು. ವಿಜ್ಞಾನೇಶ್ವರರು ಎರಡನ್ನೂ ಒಂದೊಂದಾಗಿ ಖಂಡಿಸಿ, ಪತಿವ್ರತೆಯಾದ ವಿಧವೆಯು ಇಡಿಯ ಆಸ್ತಿಯನ್ನು ಪಡೆಯತಕ್ಕವಳೆಂದು ನಿರ್ಣಯಿಸಿದರು. ಮಗನ ಆಸ್ತಿಯು ತಾಯಿತಂದೆಗಳಿಗೆ ಹೋಗುವಾಗ ತಾಯಿಯೇ ಮೊದಲು ಎಂದರು. ಅದಕ್ಕೆ ಅವರು ಕೊಟ್ಟ ಕಾರಣವು ಹೃದಯಂಗಮವಾದದ್ದು: ತಂದೆಯು ಬೇರೆ ಹೆಂಡಂದಿರ ಮಕ್ಕಳಿಗೂ ತಂದೆಯಾಗಿರಬಹುದು, ತಾಯಿಯಾದರೋ ತನ್ನ ಮಕ್ಕಳಿಗೆ ಮಾತ್ರ ತಾಯಿ, ಆದಕಾರಣ ಅವಳ ಸಾಮೀಪ್ಯವೇ ಹೆಚ್ಚು. ಮದುವೆಯಾಗದ ಸೋದರಿಗೆ ಕೊಡತಕ್ಕ ನಾಲ್ಕನೆಯ ಒಂದು ಪಾಲಿನ ಮಾತು ಬಂದಾಗ, ಅದು ಕೇವಲ ಮದುವೆಯ ಖರ್ಚಿನ ಮಟ್ಟಿಗೆ ಎಂದ ಭಾರುಚಿಯ ಮತವನ್ನು ಬಿಟ್ಟು, ಅಸಹಾಯ ಮೇಧಾತಿಥಿಗಳ ಪಕ್ಷವನ್ನು ಹಿಡಿದು, ಅದು ನಿಜವಾದ ಪಾಲೇ ಎಂದು ಸ್ಥಾಪಿಸಿದರು. ಸ್ತ್ರೀಧನವೆಂದರೆ ಮದುವೆಯಲ್ಲಿ ಬಂದ ಉಡುಗೊರೆ ಮಾತ್ರವಲ್ಲ. ವಾರಸದಿಂದ, ಕ್ರಯದಿಂದ, ವಿಭಾಗದಿಂದ, ಯಾವ ರೀತಿಯಿಂದ ಬಂದದ್ದಾದರೂ ಸ್ತ್ರೀಯ ಕೈಸೇರಿದ್ದೆಲ್ಲ ಸ್ತ್ರೀಧನವೇ ಎಂದು ಅರ್ಥಮಾಡಿದರು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಏಳು ಸಮುದ್ರದಾಚೆ ಅದಕ್ಕೆ ಒದಗಿದ ಗತಿಯು ಮುಂದೆ ಬರುವದು.

ಮಠದ ಶಿಷ್ಯವರ್ಗಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಪ್ರಕರಣವು ಈ ಗ್ರಂಥದಲ್ಲುಂಟು. ಸಂಸಾರವನ್ನು ಬಿಟ್ಟವರ ಸೊತ್ತಿಗೆ ವಾರಸುದಾರರು ಯಾರು? ಸರ್ವಸಂಗಪರಿತ್ಯಾಗಿಗಳಿಗೆ ಸೊತ್ತಾದರೂ ಎಲ್ಲಿಯದು ಎಂಬ ಪ್ರಶ್ನೆಯನ್ನು ವಿಜ್ಞಾನೇಶ್ವರರೇ ಎತ್ತಿಕೊಂಡು, ತಾವೂ ಸಂನ್ಯಾಸಿಗಳಾಗಿದ್ದುದರಿಂದಲೋ ಏನೋ, ಬಹು ಪ್ರಾಮಾಣಿಕವಾಗಿ ಉತ್ತರ ಕೊಟ್ಟಿರುವರು. ವಾನಪ್ರಸ್ಥನಿಗೆ ಕೂಡಿಟ್ಟ ಧಾನ್ಯವಿರುವದು; ಯತಿಗೆ ಉಡುವ ಬಟ್ಟೆ, ಪಾದುಕೆ, ಯೋಗಸಾಧನೆಯ ಸಾಮಗ್ರಿ, ಪುಸ್ತಕ ಇವು ಇರುವವು. ಇವುಗಳಿಗೆ ಒಡಹುಟ್ಟಿದವರು ವಾರಸುದಾರರಲ್ಲ. ನೈಷ್ಠಿಕ ಬ್ರಹ್ಮಚಾರಿಯದು ಆಚಾರ್ಯನಿಗೆ, ಯತಿಯದು ಸಚ್ಛಿಷ್ಯನಿಗೆ, ವಾನಪ್ರಸ್ಥನದು ಅದೇ ಆಶ್ರಮದ ಧರ್ಮಭ್ರಾತೃವಿಗೆ. ಶಿಷ್ಯನೆಂದು ಹೇಳಿ ಸುಮ್ಮನಾಗದೆ ಸಚ್ಛಿಷ್ಯನೆಂದದ್ದರಲ್ಲಿಯೇ ತಿರುಳಿರುವದು: ಅಧ್ಯಾತ್ಮಶಾಸ್ತ್ರವನ್ನು ಕೇಳಿ, ಧರಿಸಿ, ಅದರಂತೆ ನಡೆಯಬಲ್ಲವನೇ ಸಚ್ಛಿಷ್ಯನು, ನಡತೆಗೆಟ್ಟವನು ಆಚಾರ್ಯನೇ ಆಗಿದ್ದರೂ ಅರ್ಹನಲ್ಲ. ರಕ್ತದ ಸಂಬಂಧವನ್ನು ಇಲ್ಲಿ ಪೂರ್ತಿಯಾಗಿ ಬದಿಗೊತ್ತಿ ವಿದ್ಯೆಯನ್ನೂ ಶೀಲವನ್ನೂ ವಾರಸದ ಆಧಾರವನ್ನಾಗಿ ಮಾಡಿರುವದು ಕಾಣುವದು. ಪೀಠದ ಉತ್ತರಾಧಿಕಾರಕ್ಕಾಗಿ ಕಚೇರಿಯ ಮೆಟ್ಟಲನ್ನು ಹತ್ತುವ ಸಂದರ್ಭಗಳು ಬಂದಾಗ ಈ ಪಂಕ್ತಿಗಳನ್ನು ಓದಿಕೊಂಡವರು ಎಷ್ಟು ಮಂದಿ ಇದ್ದರೋ.

ಹಾಗೆಂದು ಮಿತಾಕ್ಷರೆಯಲ್ಲಿರುವದೆಲ್ಲವೂ ಅಂಗೀಕಾರಾರ್ಹವೆಂದು ಹೇಳುವದು ಚರಿತ್ರೆಗೆ ಅಪಚಾರ. ಅದು ವರ್ಣಭೇದವನ್ನು ಒಪ್ಪಿಕೊಂಡ ಗ್ರಂಥ. ಒಂದೇ ಅಪರಾಧಕ್ಕೆ ವರ್ಣಕ್ಕೆ ತಕ್ಕಂತೆ ಬೇರೆ ಬೇರೆ ದಂಡಗಳು ಅದರಲ್ಲಿರುವವು; ಕೆಳಗಿನ ವರ್ಣದವನು ಮೇಲಿನ ವರ್ಣದ ಸ್ತ್ರೀಯನ್ನು ಕೂಡಿದರೆ ವಧೆಯೇ ದಂಡವೆಂಬ ಸ್ಮೃತಿವಾಕ್ಯಕ್ಕೆ ಅವರು ಲೋಕವಿದ್ವಿಷ್ಟವೆಂಬ ಅಡ್ಡಿಯನ್ನು ಹೇಳಲಿಲ್ಲ. ಅದೇ ಗ್ರಂಥದಲ್ಲಿಯೇ, ಶ್ರೇಣಿಗಳು, ವರ್ತಕರ ಸಂಘಗಳು, ವೇದದ ಪ್ರಾಮಾಣ್ಯವನ್ನೇ ಒಪ್ಪದ ಪಂಥಗಳು, ಇವುಗಳ ಸಮಯಾಚಾರಗಳನ್ನು ಕೂಡ ಅರಸನು ಕಾಪಾಡತಕ್ಕದ್ದೆಂಬ ವಿಧಿಯೂ ಇರುವದು. ವಿಜ್ಞಾನೇಶ್ವರರ ತರುವಾಯ ಸುಮಾರು ಅರ್ಧ ಶತಮಾನದೊಳಗೆ, ಬಿಜ್ಜಳನ ಆಳಿಕೆಯಲ್ಲಿ, ಬಸವಾದಿ ಪ್ರಮಥರು ಅದೇ ಕಲ್ಯಾಣದಲ್ಲಿ ನೆರೆದರು. ಹರಳಯ್ಯ ಮಧುವರಸರ ಮನೆತನಗಳ ವಿವಾಹಸಂಬಂಧವೂ ಅದಕ್ಕಾಗಿ ಅವರಿಬ್ಬರು ಅನುಭವಿಸಿದ ಘೋರ ಶಿಕ್ಷೆಯೂ ಶರಣಚರಿತ್ರೆಗಳಲ್ಲಿ ಪ್ರಸಿದ್ಧವಾಗಿರುವವು. ಒಂದೇ ಪಟ್ಟಣದಲ್ಲಿ ಬರೆಯಲ್ಪಟ್ಟ ಒಂದೇ ಗ್ರಂಥದ ಎರಡು ವಿಧಿಗಳಲ್ಲಿ, ಬೇರೆ ಪಂಥದವರನ್ನು ಕಾಯುವ ವಿಧಿಯು ಅಂದು ಮರೆತುಹೋಯಿತು. ಪ್ರತಿಲೋಮಕ್ಕೆ ವಧೆಯನ್ನು ಹೇಳುವ ವಿಧಿಯು ನೆನಪಿನಲ್ಲಿ ಉಳಿಯಿತು.

ಗ್ರಂಥವು ಹಬ್ಬಿದ ಬಗೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹದಿನಾಲ್ಕನೆಯ ಶತಮಾನದಲ್ಲಿ ವಿಶ್ವೇಶ್ವರ ಭಟ್ಟರು ‘ಸುಬೋಧಿನೀ’ ಎಂಬ ಟೀಕೆಯನ್ನು ಬರೆದರು. ಕಾಶಿಯ ನಂದಪಂಡಿತರೂ ತರುವಾಯ ಬಾಲಂಭಟ್ಟರೂ ಟೀಕೆಗಳನ್ನು ರಚಿಸಿದರು. ವಿಜಯನಗರದ ಮಾಧವಾಚಾರ್ಯರ ಪರಾಶರಮಾಧವೀಯದಂಥ ನಿಬಂಧಗಳಿಗೂ ಅದರ ಋಣವುಂಟು. ಕಲ್ಯಾಣದ ಚಾಲುಕ್ಯರು ಹೋದರು, ಕಳಚುರಿಗಳು ಹೋದರು, ಯಾದವರು ಹೋದರು. ಕಲಬುರ್ಗಿಯಲ್ಲಿ ೧೩೪೭ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಯಿತು. ಮಿತಾಕ್ಷರೆಯು ಮಾತ್ರ ರಾಜಾಶ್ರಯವಿಲ್ಲದೆಯೇ ಪಂಡಿತರ ಮನೆಗಳಲ್ಲಿ ಉಳಿದುಕೊಂಡಿತು.

ಅದರ ಎರಡನೆಯ ಜೀವನವು ಕಂಪನಿ ಸರಕಾರದಿಂದ ಪ್ರಾರಂಭವಾಗುವದು. ವಾರಸ, ವಿವಾಹಾದಿಗಳಲ್ಲಿ ಹಿಂದುಗಳಿಗೆ ಅವರ ಶಾಸ್ತ್ರದ ಮೇರೆಗೆ ನ್ಯಾಯ ಕೊಡತಕ್ಕದ್ದೆಂದು ವಾರನ್ ಹೇಸ್ಟಿಂಗ್ಸನು ೧೭೭೨ರಲ್ಲಿ ಗೊತ್ತುಮಾಡಿದನು. ಆಂಗ್ಲ ನ್ಯಾಯಾಧೀಶರಿಗೆ ಸಂಸ್ಕೃತ ಬಾರದು. ಪಂಡಿತರ ಮೇಲೆ ವಿಶ್ವಾಸವೂ ಸಾಲದು. ಆದಕಾರಣ ಕೋಲ್‌ಬ್ರೂಕ್ ಸಾಹೇಬರು ಮಿತಾಕ್ಷರೆಯ ದಾಯವಿಭಾಗವನ್ನು ಜೀಮೂತವಾಹನರ ದಾಯಭಾಗದೊಡನೆ ಇಂಗ್ಲಿಷಿಗೆ ತಂದು ೧೮೧೦ರಲ್ಲಿ ಕಲಕತ್ತೆಯಲ್ಲಿ ಅಚ್ಚು ಹಾಕಿಸಿದರು. ಆ ಪಂಡಿತರ ಪರಿಶ್ರಮವು ದೊಡ್ಡದು. ಆದರೆ ಇಡಿಯ ಗ್ರಂಥದೊಳಗಿಂದ ದಾಯದ ಭಾಗವೊಂದೇ ಹೊರಕ್ಕೆ ಬಂದದ್ದರಿಂದ, ಆಚಾರ ಪ್ರಾಯಶ್ಚಿತ್ತಗಳ ನಡುವೆ ಜೀವಂತವಾಗಿದ್ದ ಚರ್ಚೆಯು ನ್ಯಾಯಾಧೀಶರ ಮೇಜಿನ ಮೇಲೆ ಕಾಯಿದೆಯ ಕಲಮುಗಳಂತೆ ಕುಳಿತುಕೊಂಡಿತು. ಲೋಕವು ಹೇಸಿದ್ದನ್ನು ಬಿಡಬೇಕೆಂದು ಹೇಳಿದ ಗ್ರಂಥಕಾರರ ಮಾತೇ ಲೋಕಕ್ಕೆ ಅತೀತವಾದ ಶಾಸನವೆಂಬ ಭಾವನೆಗೆ ಎಡೆಯಾಯಿತು.

ಸ್ತ್ರೀಧನದ ಪ್ರಕರಣದಲ್ಲಿ ಆದದ್ದು ಇದಕ್ಕಿಂತಲೂ ವಿಚಿತ್ರ. ಮಿತಾಕ್ಷರೆಯನ್ನೇ ಪ್ರಮಾಣವೆಂದು ಒಪ್ಪಿಕೊಂಡ ಲಂಡನ್ನಿನ ಪ್ರಿವಿ ಕೌನ್ಸಿಲ್ಲು, ಗಂಡನಿಂದ ವಿಧವೆಗೆ ವಾರಸವಾಗಿ ಬಂದ ಆಸ್ತಿಯು ಸ್ತ್ರೀಧನವಲ್ಲ, ಅವಳ ಜೀವಮಾನದ ಮಟ್ಟಿನ ಅನುಭೋಗ ಮಾತ್ರವೆಂದು ೧೮೬೭ರ ಒಂದು ತೀರ್ಪಿನಲ್ಲಿ ನಿರ್ಣಯಿಸಿತು. ೧೯೦೩ರಲ್ಲಿ, ಸ್ತ್ರೀಯು ಸ್ತ್ರೀಯಿಂದಲೇ ಪಡೆದ ವಾರಸಕ್ಕೂ ಅದೇ ನಿಯಮವನ್ನು ಹಚ್ಚಿತು. ವಿಜ್ಞಾನೇಶ್ವರರು ಅಕ್ಷರಶಃ ಇದರ ವಿರುದ್ಧವನ್ನೇ ಬರೆದಿದ್ದರು. ಅವರ ಹೆಸರಿನಲ್ಲಿಯೇ ಅವರ ಮಾತು ತಳ್ಳಲ್ಪಟ್ಟಿತು. ಇದರ ಫಲವನ್ನು ಉಂಡವರು ಪಂಡಿತರಲ್ಲ. ಗಂಡನ ಹೊಲವನ್ನು ಉತ್ತು ಬಿತ್ತಿಸಿಯೂ, ಅದನ್ನು ಮಾರುವ ಅಧಿಕಾರವಿಲ್ಲದೆ, ತಮ್ಮ ಕಣ್ಣು ಮುಚ್ಚುವದನ್ನೇ ಕಾಯುತ್ತಿದ್ದ ದಾಯಾದರ ನಡುವೆ ದಿನ ಕಳೆದ ವಿಧವೆಯರು.

ಮುಂಬಯಿ ಪ್ರಾಂತದಲ್ಲಿ ಸಂಗತಿಯು ಕೊಂಚ ಬೇರೆಯಾಗಿದ್ದಿತು. ಧಾರವಾಡ, ಬಿಜಾಪುರ, ಬೆಳಗಾವಿಗಳ ಭಕ್ತರು ಆ ಪ್ರಾಂತದ ಉಚ್ಚ ನ್ಯಾಯಾಲಯಕ್ಕೆ ಸೇರಿದ್ದರು. ಅಲ್ಲಿ ಮಗಳು ತಂದೆಯಿಂದ ಪಡೆದ ವಾರಸದ ಮೇಲೆ ಪೂರ್ಣ ಒಡೆತನವನ್ನು ಹೊಂದುತ್ತಿದ್ದಳು. ಅಲ್ಲಿ ಬ್ಯೂಲರ್ ಎಂಬ ಜರ್ಮನ್ ಪಂಡಿತರು ವೆಸ್ಟ್ ಸಾಹೇಬರೊಡನೆ ಹಿಂದೂ ನ್ಯಾಯಸಂಗ್ರಹವನ್ನು ಪ್ರಕಟಿಸಿ, ಶಾಸ್ತ್ರಿಗಳ ಅಭಿಪ್ರಾಯಗಳನ್ನು ನ್ಯಾಯಾಧೀಶರ ಮುಂದಿಟ್ಟರು. ಬಿಲ್ಹಣನ ಕಾವ್ಯದ ಪ್ರತಿಯನ್ನು ಜೈಸಲ್ಮೇರದ ಭಂಡಾರದಲ್ಲಿ ಕಂಡು ೧೮೭೫ರಲ್ಲಿ ಬೆಳಕಿಗೆ ತಂದವರೂ ಇವರೇ. ವಿಕ್ರಮಾದಿತ್ಯನ ಆಸ್ಥಾನದ ಕವಿಯೂ ಶಾಸ್ತ್ರಜ್ಞರೂ ಹೀಗೆ ಒಬ್ಬ ಪಂಡಿತರ ಕೈಯಲ್ಲಿ ಮತ್ತೆ ಕೂಡಿದರು. ಸಪಿಂಡವೆಂದರೆ ಪಿಂಡಪ್ರದಾನದ ಸಂಬಂಧವಲ್ಲ, ಒಂದೇ ದೇಹದ ಅಂಶಗಳನ್ನು ಪಡೆದ ಸಂಬಂಧವೆಂಬ ವಿಜ್ಞಾನೇಶ್ವರರ ಅರ್ಥವನ್ನು ೧೮೮೦ರಲ್ಲಿ ಪ್ರಿವಿ ಕೌನ್ಸಿಲ್ಲು ಮುಂಬಯಿಯ ಒಂದು ವ್ಯಾಜ್ಯದಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮೊದಲು, ೧೮೬೮ರ ರಾಮನಾಡಿನ ವ್ಯಾಜ್ಯದಲ್ಲಿ, ಸ್ಪಷ್ಟವಾಗಿ ರುಜುವಾದ ರೂಢಿಯು ಗ್ರಂಥವಚನವನ್ನು ಮೀರುವದೆಂದು ಅದೇ ಸಭೆಯು ಹೇಳಿದ್ದಿತು. ಲೋಕವೂ ಪ್ರಮಾಣವೆಂಬ ಕಲ್ಯಾಣದ ಮಾತು ಸುತ್ತುಹಾದಿಯಿಂದ ಹಿಂದಿರುಗಿತೆನ್ನಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಇಬ್ಬರು ವಿದ್ವಾಂಸರು ಈ ಗ್ರಂಥವನ್ನು ನ್ಯಾಯಾಲಯದ ಧೂಳಿನಿಂದ ಎತ್ತಿ ಚರಿತ್ರೆಯ ಬೆಳಕಿನಲ್ಲಿಟ್ಟರು. ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ೧೯೩೦ರಿಂದ ೧೯೬೨ರ ವರೆಗೆ ಐದು ಸಂಪುಟಗಳಲ್ಲಿ ಧರ್ಮಶಾಸ್ತ್ರದ ಇತಿಹಾಸವನ್ನು ಬರೆದು ೧೯೬೩ರಲ್ಲಿ ಭಾರತರತ್ನವಾದರು. ಲಂಡನ್ ವಿಶ್ವವಿದ್ಯಾಲಯದ ಡಂಕನ್ ಡೆರೆಟ್ ಎಂಬವರು ಮೊದಲು ಹೊಯ್ಸಳರ ಚರಿತ್ರೆಯನ್ನು ಅಭ್ಯಸಿಸಿ, ೧೯೫೭ರಲ್ಲಿ ಆ ಗ್ರಂಥವನ್ನು ಪ್ರಕಟಿಸಿ, ಕನ್ನಡ ನಾಡಿನ ಶಾಸನಗಳ ಮಾರ್ಗವಾಗ ಹಿಂದೂ ನ್ಯಾಯಶಾಸ್ತ್ರದ ಕಡೆಗೆ ತಿರುಗಿ ಪೌರ್ವಾತ್ಯ ನ್ಯಾಯಗಳ ಪ್ರಾಧ್ಯಾಪಕರಾದರು. ಶಾಸ್ತ್ರಗ್ರಂಥವನ್ನು ಅದು ಹುಟ್ಟಿದ ನೆಲದ ಜೀವನದೊಡನೆ ಕೂಡಿಸಿ ಓದಬೇಕೆಂಬ ಮಾರ್ಗವು ಇಂಥವರಿಂದ ಗಟ್ಟಿಯಾಯಿತು.

ಕಾಯಿದೆಯೂ ತನ್ನ ಹೆಜ್ಜೆಯನ್ನಿಟ್ಟಿತು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆಯನ್ನು ಮಾಡಿ, ವಿಭಾಗದ ಕಾಲದಲ್ಲಿ ಸ್ತ್ರೀಯರಿಗೂ ಪಾಲನ್ನು ಕೊಟ್ಟಿತು. ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡಿತು. ಅದರ ಹದಿನಾಲ್ಕನೆಯ ಕಲಮಿನಿಂದ ಸ್ತ್ರೀಯು ಹೊಂದಿದ ಆಸ್ತಿಗೆ ಅವಳೇ ಪೂರ್ಣ ಒಡತಿಯಾದಳು. ವಾರಸದಿಂದ, ವಿಭಾಗದಿಂದ, ಕ್ರಯದಿಂದ ಎಂದು ಆ ಕಲಮಿನಲ್ಲಿ ಎಣಿಸಿರುವ ಬಗೆಗಳನ್ನು ವಿಜ್ಞಾನೇಶ್ವರರ ಸ್ತ್ರೀಧನದ ಎಣಿಕೆಯ ಬದಿಗಿಟ್ಟು ನೋಡಿದರೆ ಎರಡಕ್ಕೂ ಇರುವ ಹೋಲಿಕೆಯು ಯಾರಿಗಾದರೂ ತಿಳಿಯುವದು. ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳದಾಗಿಯೇ ಉಳಿದಿದ್ದಿತು. ವಿಜ್ಞಾನೇಶ್ವರರೂ ಅದನ್ನು ಹೆಣ್ಣುಮಕ್ಕಳಿಗೆ ಹೇಳಿರಲಿಲ್ಲ. ಕರ್ನಾಟಕ ರಾಜ್ಯವು ೧೯೯೪ರಲ್ಲಿ ಆ ಗೆರೆಯನ್ನು ದಾಟಿತು. ೨೦೦೫ರಲ್ಲಿ ಕೇಂದ್ರದ ತಿದ್ದುಪಡಿಯು ದೇಶಕ್ಕೆಲ್ಲ ಅದನ್ನು ವಿಸ್ತರಿಸಿತು. ತಿದ್ದುಪಡಿಯ ದಿನ ತಂದೆಯು ಜೀವಂತವಾಗಿರಲೇಬೇಕೋ ಎಂಬ ಸಂಶಯವು ಹಲವು ವರ್ಷ ನ್ಯಾಯಾಲಯಗಳನ್ನು ಕಾಡಿತು. ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದಾದ್ದರಿಂದ ತಂದೆಯು ಅಂದು ಇರಲಿ ಇಲ್ಲದಿರಲಿ ಅದು ನಿಲ್ಲುವದೆಂದು ನಿರ್ಣಯಿಸಿತು.

ಕಲಬುರ್ಗಿಯಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ೨೦೦೮ರಲ್ಲಿ ಪ್ರಾರಂಭವಾಗಿ ೨೦೧೩ರಿಂದ ಖಾಯಂ ಪೀಠವಾಗಿರುವದು. ಕಮಲಾಪುರದಿಂದಲೋ, ಚಿತಾಪುರದಿಂದಲೋ, ಮರತೂರಿನಿಂದಲೇ ಆಗಲಿ, ತಂದೆಯ ಹೊಲದಲ್ಲಿ ಪಾಲನ್ನು ಬೇಡಿ ಬರುವ ಮಗಳ ವಕೀಲರು ಅಲ್ಲಿ ಮಿತಾಕ್ಷರ ಪದ್ಧತಿಯ ಕುಟುಂಬವೆಂಬ ಮಾತಿನಿಂದಲೇ ವಾದವನ್ನು ತೊಡಗುವರು.